ಅಳದ ಕೂಸಿನ ಕಡೆಗೊಂದು ಕಿವಿ

ಈಗಲೂ ಕುಕ್ಕರ್ ಸೀಟಿ ಹೊಡೆದರೆ ನಾನು ಬೆಚ್ಚಿಬೀಳುತ್ತೇನೆ. ಒಲೆಗೆ ಇಟ್ಟವಳು ನಾನೇ, ಮೂರು ಸೀಟಿಗೆ ಇಳಿಸಬೇಕೆಂದು ಕಾಯುತ್ತಿರುವವಳೂ ನಾನೇ, ಆದರೂ ಮೂರಕ್ಕೂ ಬೆಚ್ಚುತ್ತೇನೆ. ದಹಿಸರಿನ ನಮ್ಮ ಬಿಲ್ಡಿಂಗಿನ ಪಕ್ಕದಲ್ಲಿ ಹೊಸದೊಂದು ಏಳುತ್ತಿದೆ. ಬೆಳಗಿನಿಂದ ಡ್ರಿಲ್ಲಿನ ಸದ್ದು. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎದ್ದು ಕಿಟಕಿ ಮುಚ್ಚಿದೆ, ಸೆಖೆ ತಡೆಯದೆ ಮತ್ತೆ ತೆರೆದೆ, ಈಗ ಮತ್ತೆ ಮುಚ್ಚಬೇಕು ಅನ್ನಿಸುತ್ತಿದೆ. ಹೀಗಿರುವವಳು ಮುಂಬಯಿಯಲ್ಲಿ ಕಟ್ಟಡ ಕಟ್ಟುವ ಜಾಗಗಳಲ್ಲಿ, ಕಾಂಕ್ರೀಟ್ ಕಲಸುವ ಮಿಕ್ಸರಿನ ಬದಿಯಲ್ಲೇ ಕೂತು, ಕೂಲಿಯವರ ಕೂಸುಗಳನ್ನು ನೋಡಿಕೊಂಡು ಜೀವಮಾನವೆಲ್ಲ ದುಡಿದಳೆಂದರೆ ಯಾರು ನಂಬುತ್ತಾರೆ. ನನ್ನ ಅಮ್ಮನಂತೂ ಕೊನೆಯವರೆಗೂ ನಂಬಲಿಲ್ಲ.

ಇದನ್ನು ಬರೆಯಲು ಕಾರಣ ಒಬ್ಬಳು ಹುಡುಗಿ. ಇತ್ತೀಚೆಗೆ ಇಲ್ಲಿಯದೇ ಒಂದು ಕಡೆ, ಶಿಶುವಿಹಾರದ ಕೆಲಸಕ್ಕೆ ತರಬೇತಿ ಪಡೆಯುತ್ತಿರುವ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಹೋದೆ. ಮೈಕು ಕೀರಲು ದನಿ ತೆಗೆಯಿತು, ನನ್ನ ಮಾತು ಅಲ್ಲೇ ಕೆಟ್ಟಿತು. ಮುಗಿದ ಮೇಲೆ ಒಬ್ಬಳು ಹಿಂದಿನಿಂದ ಬಂದು, "ಆಂಟಿ, ನಾನು ಬಹೋತ್ ಸೆನ್ಸಿಟಿವ್ ಇದೀನಿ. ಬೇಬಿ ಅಳ್ತು ಅಂದ್ರೆ ನಂಗೂ ಅಳು ಬರುತ್ತೆ. ಮನೇಲಿ ಎಲ್ಲರೂ ನಗ್ತಾರೆ. ಈ ಜಾಬ್ ನಂಗೆ ಆಗಲ್ಲ, ಅಲ್ವಾ?" ಎಂದಳು. ನಾನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಯಾರೋ ಚಹಾ ತಂದರು, ಇನ್ನಾರೋ ಫೋಟೋ ಎಂದರು, ಅವಳು ಗುಂಪಿನಲ್ಲಿ ಮರೆಯಾದಳು. ಅಂದಿನಿಂದ ಆ ಉತ್ತರ ಬಾಕಿ ಉಳಿದಿದೆ. ಕೆಲಸದಲ್ಲಿ ನಾನು ಯಾವಾಗ ಏನಾದೆ, ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಇಲ್ಲಿ ಬೇಡ. ಆ ಹುಡುಗಿಗೆ ಅದರಿಂದ ಏನೂ ಸಿಗುವುದಿಲ್ಲ.

ನನ್ನ ಹೆಸರು ವಾರಿಜಾ. ಅಪ್ಪ ಉಡುಪಿ ಕಡೆಯವರು, ಮಾಟುಂಗಾದ ಒಂದು ಹೋಟೆಲಿನಲ್ಲಿ ಅಡುಗೆಯವರು. ನಾವಿದ್ದದ್ದು ಸಯನ್‌ನ ಒಂದು ಚಾಳಿನಲ್ಲಿ. ಚಾಳೆಂದರೆ ಎಲ್ಲರ ಸದ್ದೂ ಎಲ್ಲರಿಗೂ. ಎದುರು ಖೋಲಿಯಲ್ಲಿ ಗಂಡಹೆಂಡಿರು ಜಗಳವಾಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಹೊಸ ರವಿಕೆಯ ಹೊಲಿಗೆ ಚುಚ್ಚಿ ಅಳುತ್ತಿದ್ದೆ. ಅಪ್ಪ ಕೆಲಸ ಮುಗಿಸಿ ಬರುವಾಗ ಅವರ ಹೆಜ್ಜೆಯಲ್ಲೇ ಇವತ್ತು ಮಾಲೀಕರು ಬೈದಿದ್ದಾರೋ ಇಲ್ಲವೋ ಎಂದು ನನಗೆ ತಿಳಿಯುತ್ತಿತ್ತು. "ನಿನ್ನದೆಂಥ ಚರ್ಮವಾ, ಈರುಳ್ಳಿ ಸಿಪ್ಪೆಯಾ ಮಾರಾಯ್ತಿ?" ಎಂದು ಅಮ್ಮ ಗೊಣಗುತ್ತಿದ್ದರು. ಅವರದು ಪ್ರೀತಿಯ ಗೊಣಗಾಟವೇ, ಆದರೆ ನನಗೆ ಅದೂ ನಾಟುತ್ತಿತ್ತು.

ಅರವತ್ತರ ದಶಕದ ಕೊನೆಗೆ ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಫೋರ್ಟಿನ ಒಂದು ಆಫೀಸಿನಲ್ಲಿ ಸೇರಿಕೊಂಡೆ. ಒಂದೇ ಹಾಲಿನಲ್ಲಿ ಸಾಲು ಸಾಲು ಟೈಪ್‌ರೈಟರು. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆ ಕುದಿಯುತ್ತಿತ್ತು, ಬೆರಳು ತಪ್ಪುತ್ತಿತ್ತು. ಹೆಡ್‌ಕ್ಲಾರ್ಕು ಪಕ್ಕದವಳನ್ನು ಗದರಿದರೆ ನನ್ನ ಕಣ್ಣಲ್ಲಿ ನೀರು. ವರ್ಷ ತುಂಬುವ ಮೊದಲೇ ಅವರು, ಬಿಡುವುದು ಒಳ್ಳೆಯದು ಎಂದರು. ಚಾಳಿನಲ್ಲಿ ಸುದ್ದಿ ಹಬ್ಬಿತು. ಅಡುಗೆಯವನ ಮಗಳಿಗೆ ಕುರ್ಚಿಯ ಕೆಲಸ ದಕ್ಕಲಿಲ್ಲ ಎಂದು ಆಡಿಕೊಂಡರು.

ಆಮೇಲೆ ಸಿಕ್ಕಿದ್ದು ಈ ಕೆಲಸ. ಎಪ್ಪತ್ತರ ದಶಕದ ಆರಂಭದಲ್ಲಿ ಊರಿನ ತುಂಬ ಕಟ್ಟಡಗಳು ಏಳುತ್ತಿದ್ದವು. ಗುಲ್ಬರ್ಗಾ, ಬಿಜಾಪುರ, ರಾಯಚೂರು ಕಡೆಯಿಂದ ಬಂದ ಗಂಡಹೆಂಡಿರು ಇಬ್ಬರೂ ಗಾರೆ ಹೊರುತ್ತಿದ್ದರು. ಅವರ ಕೂಸುಗಳು ಮರಳಿನ ರಾಶಿಯ ಮೇಲೆ, ಸಿಮೆಂಟ್ ಚೀಲಗಳ ನಡುವೆ ಬೆಳೆಯುತ್ತಿದ್ದವು. ಅಂಥ ಕೂಸುಗಳನ್ನು ಹಗಲು ಹೊತ್ತು ನೋಡಿಕೊಳ್ಳಲು ಒಂದು ಟ್ರಸ್ಟಿನವರು ಕಟ್ಟಡದ ಜಾಗದಲ್ಲೇ ಕೂಸಿನಮನೆ ತೆರೆಯುತ್ತಿದ್ದರು. ಕಂಟ್ರಾಕ್ಟರ್ ಒಪ್ಪಿದರೆ ಮಾತ್ರ. ಕನ್ನಡ ಬಲ್ಲ ಹುಡುಗಿ ಬೇಕಾಗಿತ್ತು, ನನ್ನನ್ನು ತೆಗೆದುಕೊಂಡರು. ಜಾಗ ಘಾಟ್ಕೋಪರ್. ಸಯನ್‌ನಿಂದ ಲೋಕಲ್ ಹಿಡಿದರೆ ಸ್ವಲ್ಪ ಹೊತ್ತಿನ ದಾರಿ.

ನನ್ನ ಮೇಲಿನವರು ಕುಲಕರ್ಣಿ ಬಾಯಿ. ಸೊಲ್ಲಾಪುರದವರು, ಮುನಸಿಪಾಲಿಟಿಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದವರು. ಮಾತು ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಗದರಿಕೆ. ಅವರ ಗಂಟಲು ನಾಲ್ಕನೆಯ ಮಾಳಿಗೆಗೂ ಕೇಳಿಸುತ್ತಿತ್ತು. ಮೊದಲನೆಯ ದಿನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿರುವಾಗಲೇ ಹೊರಗೆ ಮಿಕ್ಸರ್ ಢಬ್ ಎಂದು ಶುರುವಾಯಿತು, ನಾನು ಕೈಯಲ್ಲಿದ್ದ ಹಾಲಿನ ಲೋಟ ಚೆಲ್ಲಿಕೊಂಡೆ. "ಅಯ್ಯ, ಹಳವಿ ಅದಾಳ ಈಕಿ," ಎಂದರು ಬಾಯಿ. ಹಳವಿ ಎಂದರೆ ಮರಾಠಿಯಲ್ಲಿ ಬಲು ಮೆದು ಮನಸ್ಸಿನವಳು, ಬೇಗ ನೋಯುವವಳು. ಅಂದಿನಿಂದ ಅಲ್ಲಿ ನಾನು ಹಳವಿ ಬಾಯಿಯೇ. ಹೊಗಳಿಕೆಯಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೂಸಿನಮನೆ ಎಂದರೆ ಏನೋ ಅಂದುಕೊಳ್ಳಬೇಡಿ. ಕಟ್ಟುತ್ತಿದ್ದ ಬಿಲ್ಡಿಂಗಿನ ನೆಲ ಅಂತಸ್ತಿನಲ್ಲಿ ಬಾಗಿಲು ಕಿಟಕಿ ಇನ್ನೂ ಕೂರಿಸದ ಎರಡು ಕೋಣೆ. ಗೋಣಿತಾಟಿನ ಪರದೆ. ಬಿದಿರಿಗೆ ಹಳೆ ಸೀರೆ ಕಟ್ಟಿ ಮಾಡಿದ ಜೋಳಿಗೆಗಳಲ್ಲಿ ಎಳೆಗೂಸುಗಳು, ಚಾಪೆಯ ಮೇಲೆ ದೊಡ್ಡವು. ತಾಯಂದಿರು ನಡುವೆ ಇಳಿದು ಬಂದು ಹಾಲೂಡಿಸಿ ಮತ್ತೆ ಹತ್ತುತ್ತಿದ್ದರು. ಹತ್ತು ಹೆಜ್ಜೆಯಾಚೆ ಮಿಕ್ಸರ್. ಅದು ದಿನಕ್ಕೆ ಎಷ್ಟು ಸಲ ನಿಂತು ಎಷ್ಟು ಸಲ ಶುರುವಾಗುತ್ತಿತ್ತೋ, ಅಷ್ಟು ಸಲವೂ ನನಗೆ ಎದೆ ಧಸಕ್.

ಬಾಯಿಯ ಲೆಕ್ಕದಲ್ಲಿ ಕೂಸಿನಮನೆ ಚೆನ್ನಾಗಿದೆ ಎಂದರೆ ಸದ್ದಿಲ್ಲದೆ ಇದೆ ಎಂದರ್ಥ. ಅದಕ್ಕೆ ಕಾರಣವೂ ಇತ್ತು. ಕೂಸುಗಳು ಅತ್ತರೆ ತಾಯಂದಿರು ಕೆಲಸ ಬಿಟ್ಟು ಇಳಿದು ಬರುತ್ತಾರೆ, ಇಳಿದರೆ ಮುಕಾದಮ ಶಂಕ್ರಪ್ಪ ಕಂಟ್ರಾಕ್ಟರ್‌ಗೆ ಹೇಳುತ್ತಾನೆ, ಕಂಟ್ರಾಕ್ಟರ್ ಕೋಣೆ ಖಾಲಿ ಮಾಡಿ ಎನ್ನುತ್ತಾನೆ. ಶಂಕ್ರಪ್ಪ ಕೂಲಿಯವರನ್ನು ಊರಿಂದ ಕರೆತಂದು ಕೆಲಸ ಹಂಚುವವನು. ಅವನು ಬೇಡವೆಂದರೆ ಅವರಿಗೆ ಕೆಲಸವೂ ಇಲ್ಲ, ತಗಡಿನ ಗುಡಿಸಲೂ ಇಲ್ಲ.

ನನ್ನ ಮೊದಲನೆಯ ದೊಡ್ಡ ಎಡವಟ್ಟು ಕೇಳಿ. ಸೇರಿದ ಹೊಸತು. ಚಾಪೆಯ ಮೇಲಿನ ಒಬ್ಬ ಪೋರ ಕೆಂಪಗೆ ವಾಂತಿ ಮಾಡಿದ. ರಕ್ತ ಎಂದುಕೊಂಡು, ಯಾರಿಗೂ ಹೇಳದೆ, ಅವನನ್ನು ಎತ್ತಿ ಟ್ಯಾಕ್ಸಿ ಹತ್ತಿ ಸಯನ್‌ನ ಆಸ್ಪತ್ರೆಗೆ ಓಡಿದೆ. ದಾರಿಯುದ್ದ ನಾನು ಅತ್ತೆ, ಅವನು ಟ್ಯಾಕ್ಸಿಯ ಮೊದಲ ಸವಾರಿಗೆ ಕೇಕೆ ಹಾಕಿದ. ಡಾಕ್ಟರು ಅವನ ನಾಲಗೆ ನೋಡಿ ನಕ್ಕರು. ಗೌಂಡಿಗಳು ಗೋಡೆಗೆ ಗೆರೆ ಹೊಡೆಯಲು ದಾರಕ್ಕೆ ಕೆಮ್ಮಣ್ಣು ಹಚ್ಚುತ್ತಾರಲ್ಲ, ಆ ಗೇರುವಿನ ಉಂಡೆಯನ್ನು ಅವನು ಪೇಡೆಯಂತೆ ತಿಂದಿದ್ದ. ಹಿಂದಿರುಗುವಷ್ಟರಲ್ಲಿ ಕೂಸು ಕಾಣೆಯಾಗಿದೆ ಎಂದು ಕಟ್ಟಡದ ಕೆಲಸವೇ ನಿಂತಿತ್ತು. ಬಾಯಿ ಎಲ್ಲರೆದುರು, "ನಿನ್ನ ಕಣ್ಣೀರಿಂದ ಸಿಮೆಂಟ್ ಕಲಸಬಹುದು. ಇನ್ನ ಮುಂದ ನನ್ನ ಕೇಳದ ಒಂದು ಕೂಸನ್ನೂ ಹೊರಗ ಒಯ್ಯಬಾರದು," ಎಂದರು. ಬಹಳ ದಿನ ಗೌಂಡಿಗಳು ನನ್ನನ್ನು ಕಂಡಾಗಲೆಲ್ಲ ಗೇರು ಬೇಕೇನ್ರಿ ಎಂದು ಕೇಳುತ್ತಿದ್ದರು.

ಆಮೇಲೆ ಒಂದು ಸಣ್ಣ ಗೆಲುವೂ ಆಯಿತು. ಚಾಪೆಯ ಮಕ್ಕಳು ಬೆಳಗಿನ ಗಂಜಿಯನ್ನು ಮುಟ್ಟುತ್ತಿರಲಿಲ್ಲ. ಹಸಿದ ಮಕ್ಕಳು ಯಾಕೆ ಉಣ್ಣುವುದಿಲ್ಲವೆಂದು ಬಾಯಿಗೆ ತಿಳಿಯದೆ ಸೊಕ್ಕು ಎನ್ನುತ್ತಿದ್ದರು. ನನಗೆ ಗೊತ್ತಿತ್ತು, ಏಕೆಂದರೆ ನಾನೂ ಅಲ್ಲಿ ಡಬ್ಬಿ ತೆರೆಯಲಾರದೆ ಮಧ್ಯಾಹ್ನ ಹೊರಗೆ ಹೋಗಿ ಉಣ್ಣುತ್ತಿದ್ದೆ. ನೆಲ ಒರೆಸಿದ ಫಿನಾಯಿಲ್ ವಾಸನೆ ಗಂಜಿಗೆ ಹತ್ತುತ್ತಿತ್ತು. ನೆಲವನ್ನು ಸಂಜೆ ಒರೆಸೋಣ ಎಂದೆ. ಬಾಯಿ ಗೊಣಗಿದರೂ ಒಪ್ಪಿದರು. ಮಕ್ಕಳು ತಟ್ಟೆ ನೆಕ್ಕಿದವು. "ನಾಯಿ ಮೂಗು ಅದ ನಿಂದು," ಎಂದರು ಬಾಯಿ. ಅದನ್ನು ನಾನು ಮೆಚ್ಚುಗೆ ಎಂದೇ ಜಮಾ ಮಾಡಿಕೊಂಡೆ.

ಇನ್ನು ಭೀಮ್ಯಾನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತಾಗಿನಿಂದ ಅದನ್ನೇ ಮುಂದೂಡುತ್ತಿದ್ದೇನೆ.

ನಾಗವ್ವ ಯಾದಗಿರಿ ಕಡೆಯವಳು. ಗಂಡ ಊರಿಗೆ ಹೋದವನು ಮರಳಿರಲಿಲ್ಲ. ನಾಲ್ಕನೆಯ ಮಾಳಿಗೆಗೆ ಕಾಂಕ್ರೀಟು ಹೊರುವುದು ಅವಳ ಕೆಲಸ. ಭೀಮ್ಯಾ ಅವಳ ಒಬ್ಬನೇ ಮಗ, ಇನ್ನೂ ಕೂರಲು ಬಾರದ ಕೂಸು. ಅವನಂಥ ಕೂಸನ್ನು ನೋಡಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಬೆಳಿಗ್ಗೆ ಜೋಳಿಗೆಗೆ ಹಾಕಿದರೆ ಊಟದ ಹೊತ್ತು ಕಳೆಯುವವರೆಗೆ ಚಕಾರವಿಲ್ಲ. ಬಾಯಿ ಬೇರೆ ತಾಯಂದಿರಿಗೆ, "ಭೀಮ್ಯಾನ ನೋಡಿ ಕಲೀರಿ," ಎನ್ನುತ್ತಿದ್ದರು.

ನನಗೆ ಮಾತ್ರ ಅವನ ಜೋಳಿಗೆಯ ಬಳಿ ಸಮಾಧಾನವಿರಲಿಲ್ಲ. ಯಾಕೆಂದು ಹೇಳಲು ಬರುತ್ತಿರಲಿಲ್ಲ. ಮೈಮೇಲೆ ಇರುವೆ ಹರಿದಾಡಿದಂತೆ ಏನೋ ಒಂದು. ಆಚೆ ಹೋಗುತ್ತಿದ್ದೆ, ಮತ್ತೆ ಬಂದು ಇಣುಕುತ್ತಿದ್ದೆ. ಒಂದು ದಿನ ಮಿಕ್ಸರ್ ಶುರುವಾದಾಗ ಎಂದಿನಂತೆ ಬೆಚ್ಚಿದೆ. ಬೆಚ್ಚಿದವಳು ಸುಮ್ಮನೆ ಜೋಳಿಗೆಗಳ ಕಡೆ ನೋಡಿದೆ. ಒಂದೊಂದು ಜೋಳಿಗೆಯೂ ನನ್ನ ಹಾಗೆಯೇ ಅದುರಿತ್ತು. ನಿದ್ದೆಯಲ್ಲಿದ್ದ ಕೂಸುಗಳೂ ಕೈ ಚೆಲ್ಲಿ, ತುಟಿ ನಡುಗಿಸಿ, ಮತ್ತೆ ಕಣ್ಣು ಮುಚ್ಚುತ್ತಿದ್ದವು. ಭೀಮ್ಯಾನ ಜೋಳಿಗೆ ಮಾತ್ರ ಅಲುಗಿರಲಿಲ್ಲ. ಮರುದಿನ ನೋಡಿದೆ, ಅದರ ಮರುದಿನವೂ ನೋಡಿದೆ. ಅವನು ಬೆಚ್ಚುತ್ತಿರಲಿಲ್ಲ.

ಕಿವುಡೇನೋ ಎಂದುಕೊಂಡು ಸಂಜೆ ಅವನ ಹಿಂದೆ ಚಮಚ ತಟ್ಟಿದೆ. ತಟಕ್ಕನೆ ತಿರುಗಿದ. ಸಂಜೆ ಕೇಳುವ ಕಿವಿ ಬೆಳಿಗ್ಗೆ ಯಾಕೆ ಕೇಳುವುದಿಲ್ಲ? ಬಾಯಿಗೆ ಹೇಳಿದೆ.

"ಬೆಚ್ಚೂದಿಲ್ಲ ಅಂದ್ರ ಚಲೋನ ಆತಲ್ಲ," ಎಂದರು ಬಾಯಿ. "ನೀ ಬೆಚ್ಚತಿ ಅಂತ ಜಗತ್ತೆಲ್ಲ ಬೆಚ್ಚಬೇಕೇನು?"

"ಎಲ್ಲ ಕೂಸುಗಳೂ ಬೆಚ್ಚುತ್ತವೆ ಬಾಯಿ. ಅವನೊಬ್ಬ ಇಲ್ಲ."

"ಮತ್ತ ಗೇರು ತಿಂದಿರಬೇಕು," ಎಂದು ಅವರು ಹಾಲು ಅಳೆಯಲು ಹೋದರು. ತೋಳ ಬಂತು ತೋಳ ಎಂದವನ ಪಾಡು ನನ್ನದು. ಒಮ್ಮೆ ಕೂಗಿ ನಗೆಪಾಟಲಾದವಳ ಮಾತಿಗೆ ಎರಡನೆಯ ಸಲ ಬೆಲೆಯಿಲ್ಲ.

ನಾಗವ್ವನನ್ನೇ ಕೇಳಿದೆ. ಅವಳು ಹಾಲೂಡಿಸುತ್ತಿದ್ದಳು. ಮಗ ನಿದ್ದೆಗಣ್ಣಿನಲ್ಲಿ ಅರ್ಧ ಕುಡಿದು ಬಿಡುತ್ತಿದ್ದ. "ಶಾಣ್ಯಾ ಅದಾನ್ರಿ ಅಕ್ಕಾರ. ಅವ್ವನ ಕಷ್ಟ ತಿಳೀತದ ಅವಂಗ," ಎಂದಳು. ಹಾಗೆನ್ನುವಾಗ ಅವಳ ಕೈ ಸೊಂಟದ ಸೀರೆಯ ಗಂಟಿಗೆ ಹೋಗಿ ಅದನ್ನು ಒಮ್ಮೆ ಮುಟ್ಟಿ ಬಂತು. ನೋಡಿದೆ, ಆದರೆ ಅರ್ಥವಾಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಆ ಕೈ ನೆನಪಾಗಿ ಅಮ್ಮ ಬಡಿಸಿದ್ದು ತಟ್ಟೆಯಲ್ಲೇ ಉಳಿಯಿತು. "ಯಾರದ್ದೋ ಮಗುವಿಗೆ ನೀನು ಉಪವಾಸವಾ?" ಎಂದರು ಅಮ್ಮ.

ಅದೇ ವಾರ ಟ್ರಸ್ಟಿನ ದೊಡ್ಡವರು ನೋಡಲು ಬರುವುದೆಂದಾಯಿತು. ಜೊತೆಗೆ ಕಂಟ್ರಾಕ್ಟರ್. ಅವರು ಮೆಚ್ಚಿದರೆ ಇನ್ನೆರಡು ಕಡೆ ಕೂಸಿನಮನೆ ತೆರೆಯಬಹುದು, ಮೆಚ್ಚದಿದ್ದರೆ ಇದೂ ಉಳಿಯುವುದು ಅನುಮಾನ. ಹಿಂದಿನ ದಿನ ಬಾಯಿ ಶಂಕ್ರಪ್ಪನನ್ನು ಕರೆದು, ನಾಳೆ ಮಕ್ಕಳು ಹೊಟ್ಟೆ ತುಂಬ ಕುಡಿದು ಬರಲಿ, ಅಳಬಾರದು, ತಾಯಂದಿರಿಗೆ ಹೇಳು ಎಂದರು. ಶಂಕ್ರಪ್ಪ ಗುಡಿಸಲುಗಳ ಮುಂದೆ ನಿಂತು ಹೇಳಿದ್ದು ಬೇರೆಯೇ: ನಾಳೆ ಯಾರ ಕೂಸು ಅಳುತ್ತದೋ ಅವಳು ನಾಡಿದ್ದಿನಿಂದ ಕೆಲಸಕ್ಕೆ ಬರಬೇಕಾಗಿಲ್ಲ. ಇದು ನಮಗೆ ಗೊತ್ತಾದದ್ದು ಆಮೇಲೆ.

ಮರುದಿನ ನೆಲ ಥಳಥಳ, ಜೋಳಿಗೆಗಳಿಗೆ ಒಗೆದ ಸೀರೆ. ದೊಡ್ಡವರು ಬಂದರು. ಮಕ್ಕಳು ನಿಜಕ್ಕೂ ತೆಪ್ಪಗಿದ್ದವು. ಒಬ್ಬ ಮಹಿಳೆ, ಎಷ್ಟು ಶಾಂತ ಇದೆ ಎಂದು ಹಿಂದಿಯಲ್ಲಿ ಬಾಯಿಯನ್ನು ಹೊಗಳುತ್ತಿದ್ದರು. ಬಾಯಿಯ ಮುಖ ಅರಳಿತ್ತು. ಆಗ ಮಿಕ್ಸರ್ ಶುರುವಾಯಿತು. ನಾನು ಬೆಚ್ಚಿದೆ, ಜೋಳಿಗೆಗಳು ಅದುರಿದವು, ಭೀಮ್ಯಾನದು ಅದುರಲಿಲ್ಲ. ಅದು ಎಂದಿನಂತೆಯೇ. ಆದರೆ ಅಂದು ಆ ಜೋಳಿಗೆ ಉಸಿರಿಗೂ ಸರಿಯಾಗಿ ಏಳುತ್ತಿರಲಿಲ್ಲ. ಪ್ರತಿದಿನ ಆ ಬಟ್ಟೆಯ ಏರಿಳಿತವನ್ನು ನೋಡಿ ನೋಡಿ ನನ್ನ ಕಣ್ಣಿಗೆ ಅದು ಅಭ್ಯಾಸವಾಗಿತ್ತು. ಇವತ್ತು ಏರಿತು, ನಿಂತಿತು, ನಾನು ಕಾದೆ, ಬಹಳ ಹೊತ್ತಾದ ಮೇಲೆ ಇಳಿಯಿತು.

ಹೋದೆ. ಬಾಯಿ ಕಣ್ಣಲ್ಲೇ ಬೇಡವೆಂದರು. ಎತ್ತಿದೆ. ಕೂಸು ಒದ್ದೆ ಬಟ್ಟೆಯಂತೆ ಕೈಯಿಂದ ಜಾರಿತು. ತುಟಿ ನೀಲಿ. ರೆಪ್ಪೆ ಸರಿಸಿದರೆ ಕಣ್ಣಿನ ಕಪ್ಪು ಸೂಜಿಮೊನೆಯಷ್ಟು.

"ಹಳವಿ, ಬಸ್. ಈಗ ಬ್ಯಾಡ," ಎಂದರು ಬಾಯಿ ಪಿಸುದನಿಯಲ್ಲಿ. ಅವರು ಪಿಸುಗುಟ್ಟಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಆ ಕ್ಷಣ ನನಗೆ ಗೇರು ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಇವತ್ತೂ ತಪ್ಪಾದರೆ ನನ್ನ ಕೆಲಸ ಹೋಗುತ್ತದೆ, ಕೂಸಿನಮನೆಯೂ ಹೋದೀತು. ಆದರೆ ಎದೆಗೆ ಒತ್ತಿಕೊಂಡಿದ್ದ ಕೂಸಿನ ಉಸಿರು ಮತ್ತೆ ನಿಂತಿತ್ತು. ಅಂಗಾಲಿಗೆ ಜೋರಾಗಿ ಚಿವುಟಿದೆ. ನನ್ನ ಜೀವನದಲ್ಲಿ ಯಾವ ಮಗುವಿಗೂ ಹಾಗೆ ನೋಯಿಸಿರಲಿಲ್ಲ. ಅದು ಒಮ್ಮೆ ಉಸಿರೆಳೆಯಿತು. "ಬಾಯಿ, ಇದು ಸಾಯುತ್ತಾ ಉಂಟು," ಎಂದೆ, ಎಲ್ಲರಿಗೂ ಕೇಳುವಂತೆ. ಯಾರ ಒಪ್ಪಿಗೆಗೂ ಕಾಯದೆ ಹೊರಗೋಡಿದೆ. ಮೇಲಿಂದ ನಾಗವ್ವ ನೋಡಿದಳು. ತಲೆಯ ಮೇಲಿದ್ದ ಕಬ್ಬಿಣದ ಬುಟ್ಟಿ ಘಮೇಲಾವನ್ನು ಅಲ್ಲೇ ಎಸೆದು, ಮೆಟ್ಟಿಲಿಗೆ ಹಿಡಿಯಲು ಕಂಬಿಯೂ ಇಲ್ಲದ ಆ ಕಟ್ಟಡದಲ್ಲಿ ಹೇಗೆ ಇಳಿದಳೋ, ನಾನು ಟ್ಯಾಕ್ಸಿ ನಿಲ್ಲಿಸುವಷ್ಟರಲ್ಲಿ ಪಕ್ಕದಲ್ಲಿದ್ದಳು.

ಟ್ಯಾಕ್ಸಿಯಲ್ಲಿ ಉಸಿರು ನಿಂತಾಗಲೆಲ್ಲ ಚಿವುಟುವುದು, ಬೆನ್ನು ತಿಕ್ಕುವುದು, ಹೆಸರು ಹಿಡಿದು ಕರೆಯುವುದು. ಕುರ್ಲಾದ ಹತ್ತಿರ ಗಾಡಿಗಳು ಸಿಕ್ಕಿಕೊಂಡವು. ಹಾರ್ನಿನ ಮೇಲೆ ಹಾರ್ನು. ಆ ಗದ್ದಲದಲ್ಲಿ ನಾಗವ್ವ, "ನಾ ಏನೂ ಮಾಡಿಲ್ರಿ ಅಕ್ಕಾರ, ನಾ ಏನೂ ಮಾಡಿಲ್ರಿ," ಎನ್ನುತ್ತಲೇ ಇದ್ದಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಅವಳ ಕೈ ಸೊಂಟದ ಗಂಟಿನ ಮೇಲಿತ್ತು. ಆಗ ನನಗೆ ಹೊಳೆಯಿತು. ಆದರೆ ಕೈ ಎಳೆದು ಗಂಟು ಬಿಚ್ಚಿದರೆ, ಒಂದು ಮಾತು ಜೋರಾಗಿ ಆಡಿದರೆ, ಅವಳು ಕಿಟಕಿಯಿಂದ ಅದನ್ನು ಹೊರಗೆಸೆದು ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂಬುದೂ ಅಷ್ಟೇ ಸ್ಪಷ್ಟವಾಗಿ ತಿಳಿಯಿತು. ಹೆದರಿದವರ ಹತ್ತಿರ ಹೇಗಿರಬೇಕೆಂದು ಹೆದರಿಯೇ ಬೆಳೆದ ನನಗೆ ಗೊತ್ತಿತ್ತು.

ಅವಳ ಇನ್ನೊಂದು ಕೈಯನ್ನು ತೆಗೆದು ಮಗನ ಎದೆಯ ಮೇಲೆ ಇಟ್ಟೆ. "ನೋಡು, ಇಲ್ಲಿ. ಈಗ ಬಂತು. ಇನ್ನೊಂದು ಬರಬೇಕು," ಎಂದೆ. ಅವಳು ಕಾದಳು. ಇಬ್ಬರೂ ಕಾದೆವು. "ನಿನಗೆ ಯಾರೂ ಬೈಯುವುದಿಲ್ಲ ನಾಗವ್ವ. ನನಗೆ ಬೊಬ್ಬೆ ಹಾಕಲಿಕ್ಕೆ ಬರುವುದೇ ಇಲ್ಲ ಮಾರಾಯ್ತಿ. ಡಾಕ್ಟರು ಕೇಳುತ್ತಾರೆ, ಗೊತ್ತಾದರೆ ಅವರು ಬದುಕಿಸುತ್ತಾರೆ."

ಅವಳು ಗಂಟು ಬಿಚ್ಚಿದಳು. ಕಾಗದದ ಚೂರಿನಲ್ಲಿ ಸಾಸಿವೆ ಕಾಳಿನಂಥ ಕರಿಯ ಗುಳಿಗೆಗಳು. ಅಫೀಮು. ಬಾಳಗೋಳಿ ಎನ್ನುತ್ತಿದ್ದರು. ದುಡಿಯುವ ಹೆಂಗಸರು ಕೂಸನ್ನು ಮಲಗಿಸಲು ಕೊಡುವ ರೂಢಿ, ಮಿಲ್ಲುಗಳ ಕಾಲದಿಂದ ಬಂದದ್ದು. ಗುಡಿಸಲುಗಳಲ್ಲಿ ಒಬ್ಬ ಮುದುಕಿ ಮಾರುತ್ತಿದ್ದಳಂತೆ.

"ದಿನಾ ಒಂದು ಕೊಡ್ತೀನ್ರಿ. ಅಳಾ ಕೂಸ ನೀವು ವಾಪಸ್ ಕಳಸ್ತೀರಿ ಅಂತ ಅಂಜಿಕಿ ಇತ್ತು. ಇವತ್ತ ಮುಕಾದಮ ಹಾಂಗಂದ ಅಂತ ಎರಡು ಕೊಟ್ಟೀನ್ರಿ," ಎಂದಳು. ಹೇಳುತ್ತಲೇ ಅತ್ತಳು. ನನಗೂ ಅಳು ಬಂತು. ಅಳುತ್ತಲೇ ಚಿವುಟುತ್ತಿದ್ದೆ. ಅತ್ತರೆ ಕೈ ನಿಲ್ಲುತ್ತದೆ ಎಂದು ಯಾರು ಹೇಳಿದ್ದು?

ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಿಗೆ ಕಾಗದದ ಪೊಟ್ಟಣ ಕೊಟ್ಟೆ. ಏನು, ಎಷ್ಟು, ಯಾವಾಗ, ನಾಗವ್ವ ತಾನೇ ಹೇಳಿದಳು, ನಾನು ಹಿಂದಿ ಮಾಡಿದೆ. ಅವರು ಕೂಸನ್ನು ಒಳಗೆ ಒಯ್ದರು. ಸಂಜೆಯ ಹೊತ್ತಿಗೆ ಹೊರಗೆ ಬಂದು, "ಬಚ್ಚಾ ಉಳಿಯುತ್ತದೆ. ಕಣ್ಣು ನೋಡಿ ಸಂಶಯ ಬಂದಿತ್ತು, ಆದರೆ ತಾಯಿ ಹೇಳಿದ್ದರಿಂದ ಹೊತ್ತು ಉಳಿಯಿತು. ಎಷ್ಟೋ ತಾಯಂದಿರು ಹೇಳುವುದೇ ಇಲ್ಲ," ಎಂದರು.

ಅಷ್ಟರಲ್ಲಿ ಕುಲಕರ್ಣಿ ಬಾಯಿ ಬಂದಿದ್ದರು. ಬೆಂಚಿನಲ್ಲಿ ನನ್ನ ಪಕ್ಕ ಕೂತರು. "ನಾ ಅಂದದ್ದು ಒಂದು, ಶಂಕ್ರಪ್ಪ ಅಂದದ್ದು ಒಂದು," ಎಂದರು. "ಆದ್ರ ಮಕ್ಕಳು ಅಳಬಾರದು ಅಂತ ಶುರು ಮಾಡಿದಾಕಿ ನಾನ ಅಲ್ಲೇನು. ಇಷ್ಟು ವರ್ಷ ದಾದಿ ಕೆಲಸ ಮಾಡಿ, ದಿನಾ ಆ ಕೂಸಿನ ಮುಂದ ಹಾದು ಹೋಗೀನಿ." ಆಮೇಲೆ ನನ್ನ ಕಡೆ ತಿರುಗಿ, "ನಿನಗ ಹ್ಯಾಂಗ ತಿಳೀತು?" ಎಂದು ಕೇಳಿದರು.

"ನಾನು ಬೆಚ್ಚುತ್ತೇನಲ್ಲ ಬಾಯಿ, ಅದಕ್ಕೆ," ಎಂದೆ. ಅವರು ನಗಲಿಲ್ಲ.

ಮರುದಿನ ಶಂಕ್ರಪ್ಪ ನಾಗವ್ವನ ಗುಡಿಸಲಿನ ಸಾಮಾನು ಹೊರಗೆ ಹಾಕಿಸುತ್ತಿದ್ದ. ಪೊಲೀಸು ಗಿಲೀಸು ಎಂದರೆ ತನ್ನ ತಲೆಗೆ ಬರುತ್ತದೆಂಬ ಭಯ ಅವನಿಗೆ. ನಾನು ಅವನ ಮುಂದೆ ನಿಂತು ಬಾಯಿ ತೆರೆದೆ, ದನಿಯೇ ಬರಲಿಲ್ಲ. ಹಿಂದಿನಿಂದ ಕುಲಕರ್ಣಿ ಬಾಯಿಯ ದನಿ ಬಂತು. ಮೊನ್ನೆ ಗುಡಿಸಲ ಮುಂದೆ ನೀನು ಆಡಿದ ಮಾತನ್ನು ಕಂಟ್ರಾಕ್ಟರ್ ಮುಂದೆ ಆಡುತ್ತೀಯಾ, ನಾನು ಆಡಲೋ ಎಂದು ಅವರು ಕೇಳಿದ್ದು ಘಾಟ್ಕೋಪರ್ ಸ್ಟೇಷನ್ನಿಗೂ ಕೇಳಿಸಿರಬೇಕು. ಸಾಮಾನು ಮತ್ತೆ ಒಳಗೆ ಹೋಯಿತು. ನನ್ನನ್ನು ಸದಾ ಬೆಚ್ಚಿಸುತ್ತಿದ್ದ ಆ ಗಂಟಲು ಅಂದು ನನಗೆ ಬಹಳ ಇಷ್ಟವಾಯಿತು. ನಾನು ಬಾಯಿಯಂತಾಗಬೇಕು ಎಂದು ಒದ್ದಾಡುವುದನ್ನೂ ಅಂದಿಗೇ ಬಿಟ್ಟೆ. ಅವರ ಕೆಲಸ ಅವರು ಮಾಡಲಿ, ನನ್ನದು ನಾನು.

ಟ್ರಸ್ಟಿನವರು ಕೂಸಿನಮನೆ ಮುಚ್ಚಲಿಲ್ಲ, ಆದರೆ ಅಂದಿನಿಂದ ನಮ್ಮಲ್ಲಿ ಪದ್ಧತಿ ಬದಲಾಯಿತು. ಬೆಳಿಗ್ಗೆ ಬಂದ ಕೂಸನ್ನು ನೇರವಾಗಿ ಜೋಳಿಗೆಗೆ ಹಾಕುವಂತಿಲ್ಲ. ಮೊದಲು ಮಡಿಲಲ್ಲಿ ಕೂರಿಸಿಕೊಂಡು, ಅದು ನಮ್ಮ ಮುಖ ನೋಡುವವರೆಗೆ ಮಾತಾಡಿಸಬೇಕು. ನೋಡದಿದ್ದರೆ ತಾಯಿಯನ್ನು ಗದರದೆ ಕೇಳಬೇಕು. ಅಳುವ ಕೂಸನ್ನು ಯಾರೂ ವಾಪಸ್ ಕಳಿಸುವುದಿಲ್ಲ ಎಂದು ಬಾಯಿ ಪ್ರತಿ ತಾಯಿಗೂ ತಾವೇ ಹೇಳಿದರು. ಒಂದೊಂದಾಗಿ ಸೀರೆಯ ಗಂಟುಗಳು ಬಿಚ್ಚಿದವು. ಭೀಮ್ಯಾ ಒಬ್ಬನೇ ಆಗಿರಲಿಲ್ಲ. ಹೊಸ ಹುಡುಗಿಯರು ಕೆಲಸಕ್ಕೆ ಬಂದಾಗ ಬಾಯಿ, "ಸಂಶಯ ಬಂದ್ರ ಮೊದಲು ಹಳವಿಗೆ ತೋರಸ್ರಿ," ಎನ್ನುತ್ತಿದ್ದರು. ಅದೇ ಹೆಸರು. ಆದರೆ ಆಮೇಲೆ ಅದು ನನಗೆ ಚುಚ್ಚಲಿಲ್ಲ.

ಈ ಕೆಲಸ ನಿನಗೆ ಸುಲಭ ಎಂದು ಆ ಹುಡುಗಿಗೆ ನಾನು ಹೇಳಲಾರೆ. ಸಂಜೆ ಲೋಕಲಿನಲ್ಲಿ ಬಾಗಿಲ ಬಳಿ ನಿಂತು ಬರೀ ಗಾಳಿಗೆ ಮುಖವೊಡ್ಡಿ, ಒಂದು ಮಾತೂ ಆಡದೆ ಮನೆಗೆ ಬರುತ್ತಿದ್ದೆ. ಬಂದ ಮೇಲೂ ಸ್ವಲ್ಪ ಹೊತ್ತು ನನ್ನನ್ನು ಯಾರೂ ಕರೆಯಬಾರದು ಎಂದು ಅಮ್ಮನಿಗೆ ಹೇಳಿಟ್ಟಿದ್ದೆ. ಅಷ್ಟು ಬಿಡುವನ್ನು ನಾಚಿಕೆಯಿಲ್ಲದೆ ಕೇಳಿ ಪಡೆಯಬೇಕು. ಇಲ್ಲದಿದ್ದರೆ ಮರುದಿನ ಕಣ್ಣು ಕಿವಿ ಕೆಲಸ ಮಾಡುವುದಿಲ್ಲ. ಆದರೆ ಕೆಲಸ ನಿನಗೆ ಆಗುವುದಿಲ್ಲ ಎಂದವರಿಗೆ, ಅವರು ನೋಡದ ಏನನ್ನೋ ನೀನು ನೋಡಿದ ದಿನದವರೆಗೆ ಕಾಯಿರಿ ಎಂದು ಹೇಳು.

ಭೀಮ್ಯಾ ಆಸ್ಪತ್ರೆಯಿಂದ ಬಂದ ಮೇಲಿನದನ್ನು ಹೇಳಿ ಮುಗಿಸುತ್ತೇನೆ. ಅಫೀಮು ಬಿಟ್ಟ ಮೈ, ಒಳಗೊಳಗೇ ಉರಿಯುತ್ತದೆ, ಅಳುತ್ತಾನೆ, ಬಿಡಿ, ಅಳಲಿ ಎಂದಿದ್ದರು ಡಾಕ್ಟರು. ಅತ್ತ. ಹೇಗೆ ಅತ್ತ ಎಂದರೆ ಇಡೀ ಕೂಸಿನಮನೆ ಅವನ ಜೊತೆ ಅತ್ತಿತು. ನನಗೆ ಆ ಸದ್ದು ತಡೆಯಲಾಗಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡೆ. ಕೇಳಿಸದಿದ್ದರೆ ಇನ್ನೂ ಭಯವಾಗಿ ಕಿತ್ತು ಎಸೆದೆ. ಅವನನ್ನು ಹೆಗಲಿಗೆ ಹಾಕಿಕೊಂಡು ಆ ಎರಡು ಕೋಣೆಗಳ ನಡುವೆ ದಿನಗಟ್ಟಲೆ ನಡೆದೆ. ಕೂರಲು ಅವನೂ ಬಿಡಲಿಲ್ಲ, ನನಗೂ ಆಗಲಿಲ್ಲ.

ನಾಗವ್ವ ಮತ್ತೆ ಕೆಲಸಕ್ಕೆ ಹತ್ತಿದ ಮೊದಲ ದಿನ. ಬೆಳಗಿನ ಹೊತ್ತು. ಆಸ್ಪತ್ರೆಯಿಂದ ಬಂದಾಗಿನ ಕೀರಲು ಅಳುವಲ್ಲ, ಅವನು ಮೊದಲ ಸಲ ಪೂರ್ತಿ ದನಿ ತೆಗೆದ. ಕಟ್ಟಡದ ತುಂಬ ಹರಡುವಂಥ ಗಟ್ಟಿ ಅಳು. ತಲೆಯ ಮೇಲೆ ಘಮೇಲಾ ಹೊತ್ತು ಮೆಟ್ಟಿಲ ತಿರುವಿನಲ್ಲಿದ್ದ ನಾಗವ್ವ ನಿಂತಳು. ಕೆಳಗೆ ಬಗ್ಗಿ ಕೂಗಿದಳು, "ಅಕ್ಕಾರ, ಯಾರ ಕೂಸ್ರಿ ಅದು, ಹೀಂಗ ಅಳಾಕತ್ತದ?"

"ನಿನ್ನದೇ," ಎಂದೆ. ಪರದೆ ಸರಿಸಿ ಅವನನ್ನು ಎತ್ತಿ ತೋರಿಸಿದೆ.

ಅವಳು ಘಮೇಲಾ ಇಳಿಸಿದಳು. ಓಡಿ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟು, ಕೇಳಿದಳು.

"ಅವನ ದನಿ ಹೀಂಗ ಅದ ಅಂತ ನನಗ ಗೊತ್ತೇ ಇರಲಿಲ್ರಿ," ಎಂದಳು.

ಆಗ ಮಿಕ್ಸರ್ ಶುರುವಾಯಿತು. ಭೀಮ್ಯಾನೂ ನಾನೂ ಒಟ್ಟಿಗೆ ಬೆಚ್ಚಿದೆವು.